ಕಣ್ಣು ನೋಡಿ ಕುಯ್ಯಿ

ಮೇ ತಿಂಗಳು. ಜಲಂಧರದ ಚೀಲಗಳು
ಹಾಸನದ ಮಂಡಿಗೆ ಬಂದಿಳಿದಿವೆ.
ಮೂವತ್ತೊಂದು ವರ್ಷ ಬಿತ್ತನೆ ಗೆಡ್ಡೆ ಕುಯ್ದವಳು ನಾನು.
ತುಂಡಿಗೆ ಎರಡು ಕಣ್ಣು.
ಕಮ್ಮಿಯಾದರೆ ಹುಟ್ಟಲ್ಲ, ಜಾಸ್ತಿಯಾದರೆ ಸಾಹುಕಾರ ಬೈತಾನೆ.
ಕತ್ತಿಯ ಕಡೆ ನೋಡುತ್ತಿರಲಿಲ್ಲ, ಬೆರಳೇ ನೋಡಿಕೊಳ್ಳುತ್ತಿತ್ತು.

ಈಗ ಹತ್ತೂವರೆಗೆಲ್ಲ ಮಾತ್ರೆಯ ಬಲ ಇಳಿಯುತ್ತದೆ.
ಬಲಗೈ ತನ್ನ ಪಾಡಿಗೆ ಇಲ್ಲದ ಕಾಳೊಂದನ್ನು
ಹೊಸಕುತ್ತಲೇ ಇರುತ್ತದೆ.
ಲೋಟದ ಟೀ ಸೆರಗು ಕುಡಿಯುತ್ತದೆ.

ಜಿಲ್ಲಾಸ್ಪತ್ರೆ, ಹದಿನಾಲ್ಕನೇ ಕೊಠಡಿ.
ಡಾಕ್ಟರು ಧರಣಿಶ್ರೀ, ಬೆಳಗೊಳದ ಕಡೆಯ ಹುಡುಗಿ,
ಚೀಟಿಯ ಬೆನ್ನಿಗೆ ಒಂದು ತಲೆ ಬರೆದು
ನಡುವೆ ಎರಡು ಗೀಟು ಎಳೆದಳು.
'ಇದು ಕರೀನೆಲ ಅಂದ್ಕೊಳ್ಳಿ, ದ್ಯಾವಮ್ಮ.
ಕೈಕಾಲಿಗೆ ಸನ್ನೆ ಕೊಡೋ ರಸ ಇಲ್ಲಿ ಬೆಳೀತಿತ್ತು.
ಅರ್ಧಕ್ಕರ್ಧ ಬೀಳು ಬಿದ್ದ ಮೇಲೇ ನಡುಕ ಕಾಣೋದು.'

ಮೊದಲೇ ಯಾಕೆ ಗೊತ್ತಾಗಲಿಲ್ಲ?
'ಒಳಗೆ ಗೆಡ್ಡೆ ಕೊಳೆತರೆ ಚೀಲಕ್ಕೆ ಗೊತ್ತಾಗತ್ತಾ?'
ವಾಸನೆ ಬರ್ತದಲ್ಲ, ಅಂದೆ.
ಅವಳು ಪೆನ್ನು ನಿಲ್ಲಿಸಿದಳು.
'ನಿಮಗೆ ವಾಸನೆ ಹೋಗಿ ಎಷ್ಟು ವರ್ಷ?'

ಎಂಟು.
ಕೊಳೆತದ್ದನ್ನು ಚೀಲದಲ್ಲೇ ಬಿಟ್ಟೆ ಅಂತ
ಅವತ್ತು ಕೂಲಿ ಹಿಡಿದಿದ್ದರು.

ಆಮೇಲೆ ಅವಳು ಹೇಳಿದ್ದು:
ದೂರದ ಲ್ಯಾಬುಗಳಲ್ಲಿ ಕಾಂಡಕೋಶ ಪಳಗಿಸುತ್ತಾರಂತೆ.
ಏನು ಬೇಕಾದರೂ ಆಗಬಲ್ಲದ್ದು, ಗೆಡ್ಡೆಯ ಕಣ್ಣಿನ ಹಾಗೆ.
ತಲೆಗೆ ತೂತು ಕೊರೆದು ನೆಡುತ್ತಾರೆ.
ಚಿಗುರಲು ವರ್ಷವೇ ಬೇಕು.
ಕೆಲವರಿಗೆ ಹತ್ತಿದೆ.
ಹಿಂದೆ ಇಂಥದ್ದೇ ಒಂದು ನೆಟ್ಟಾಗ ಕೆಲವರಿಗೆ
ನಡುಕ ಹೋಗಿ ಬೇಡದ ಕುಣಿತ ಬಂದಿತ್ತು.
ಒಂದು ಪರೀಕ್ಷೆಯಲ್ಲಂತೂ ಅರ್ಧ ಜನಕ್ಕೆ
ಬರೀ ಕೊರೆದು, ಏನೂ ನೆಡದೆ ಮುಚ್ಚಿದರಂತೆ.
ಅವರಲ್ಲೂ ಕೆಲವರು ಸ್ವಲ್ಪ ಕಾಲ
ನೆಟ್ಟಗೆ ನಡೆದರಂತೆ.

ನಗು ಬಂತು.
ಖಾಲಿ ಗುಣಿಗೂ ನೀರು ಹಾಯಿಸಿದವಳೇ ನಾನೂ.

ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಬರೆದಿದ್ದಾರಲ್ಲ,
ಕಾಂಡಕೋಶ ಚಿಕಿತ್ಸೆ, ನಾಲ್ಕು ಲಕ್ಷ, ಗ್ಯಾರಂಟಿ?
'ಬೀಜಕ್ಕೆ ಗ್ಯಾರಂಟಿ ಕೊಡೋನ ಹತ್ರ
ನೀವು ಯಾವತ್ತಾದ್ರೂ ಬೀಜ ತಗೊಂಡಿದ್ದೀರಾ?'
ಇಲ್ಲ.
ಮತ್ತೆ ನನಗೆ ಯಾವಾಗ?
ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
'ಗೊತ್ತಿಲ್ಲ, ದ್ಯಾವಮ್ಮ.'
ಇಷ್ಟು ವರ್ಷದಲ್ಲಿ ಯಾರೂ ನನಗೆ
ಅಷ್ಟು ಚೊಕ್ಕವಾಗಿ ತೂಗಿ ಕೊಟ್ಟಿರಲಿಲ್ಲ.

ಮಧ್ಯಾಹ್ನ ಮಂಡಿಗೆ ಹೋದೆ. ಸುಮ್ಮನೆ.
ನನ್ನ ಜಾಗದಲ್ಲಿ ಶಬ್ರೀನ, ಹತ್ತೊಂಬತ್ತು ವರ್ಷ,
ಮಾತಾಡುತ್ತಾ ಸರಸರ ಕುಯ್ಯುತ್ತಿದ್ದಾಳೆ.
ಮೂರರಲ್ಲೊಂದು ಕುರುಡು ತುಂಡು.
ಕಣ್ಣು ನೋಡಿ ಕುಯ್ಯೇ, ಅಂದೆ.
ತೋರಿಸಲು ಚಾಚಿದ ಬೆರಳು
ಒಮ್ಮೆ ಗೆಡ್ಡೆ, ಒಮ್ಮೆ ಗಾಳಿ, ಒಮ್ಮೆ ಅವಳ ಮೊಣಕಾಲು ತೋರಿತು.
ಅವಳು ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದು
ಕಣ್ಣಿದ್ದ ಕಡೆಗೆ ತಂದು ನಿಲ್ಲಿಸಿದಳು.

ಔಷಧಿ ತಾಗದ ಕುರುಡು ತುಂಡು ಪಲ್ಯಕ್ಕಾಗುತ್ತದೆ.
ಒಂದಿಷ್ಟು ಸೆರಗಿಗೆ ಸುರಿದುಕೊಂಡೆ.
ಗಂಟು ಮಾತ್ರ
ಅವಳೇ ಹಾಕಬೇಕಾಯಿತು.