ಮೈಚಳಿ

ಉಲಾನ್‌ಬಾತರಿನಲ್ಲಿ ಬೆಳಗಿನ ಏಳು.
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಬಾನೆಟ್ಟಿಗೆ ಹೊದಿಸಿದ ಉಣ್ಣೆಯ ಕಂಬಳಿ ಸರಿಸುತ್ತಾಳೆ ನನ್ಸಲ್ಮಾ,
ಕರುವನ್ನು ಎಬ್ಬಿಸುವಂತೆ.

ಜಪಾನಿನಲ್ಲಿ ಯಾರೋ ಹನ್ನೆರಡು ವರ್ಷ ಓಡಿಸಿ ಮಾರಿದ ಕಾರು.
ಬೇಸಿಗೆಯಲ್ಲಿ ಲೀಟರಿಗೆ ಇಪ್ಪತ್ತೆರಡು ಕೊಡುತ್ತಿತ್ತು,
ಕೆಂಪು ದೀಪ ಕಂಡರೆ ಸಾಕು, ಎಂಜಿನ್ನು ಕಣ್ಣು ಮುಚ್ಚುತ್ತಿತ್ತು.
ಈಗ ಹದಿಮೂರು. ಕೆಂಪಿನಲ್ಲೂ ಗುರುಗುಡುತ್ತದೆ.

ಗ್ಯಾರೇಜಿನ ಲ್ಹಾಗ್ವದೋರ್ಜ್ ಹೇಳಿದ್ದ, ಸ್ಪ್ಯಾನರಿನಿಂದ ಕಿವಿ ಕೆರೆಯುತ್ತ:
ಅಕ್ಕಾ, ಬೇರೆ ಕಾರುಗಳು ದುಂದುಗಾರರು,
ಅರ್ಧ ಪೆಟ್ರೋಲು ಸುಮ್ಮನೆ ಬಿಸಿಯಾಗಿ ಹೋಗುತ್ತದೆ,
ಆ ಪೋಲಾದ ಬಿಸಿಯಲ್ಲೇ ಜನ ಕಾಲು ಕಾಯಿಸಿಕೊಳ್ಳುತ್ತಾರೆ.
ನಿನ್ನದು ಜುಗ್ಗ. ಪೋಲು ಮಾಡುವುದಿಲ್ಲ,
ಅದಕ್ಕೇ ಕೊಡಲು ಅದರ ಬಳಿ ಏನೂ ಇರುವುದಿಲ್ಲ.
ನೀನು ಬಿಸಿ ಕೇಳಿದರೆ ಬಿಸಿಗೆಂದೇ ಉರಿಯಬೇಕು.
ಬ್ಯಾಟರಿಯಂತೂ ಮೈಚಳಿ ಬಿಡುವುದೇ ಇಲ್ಲ,
ಬ್ರೇಕು ಒತ್ತಿ ಕೊಟ್ಟಿದ್ದನ್ನೂ ಮುಷ್ಟಿ ಬಿಚ್ಚಿ ತೆಗೆದುಕೊಳ್ಳದು.

ಅಂದಿನಿಂದ ಒಬ್ಬಳೇ ಇದ್ದಾಗ ಹೀಟರು ಹಾಕುವುದಿಲ್ಲ.
ಎರಡು ಜೊತೆ ಕಾಲುಚೀಲ,
ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಹಾಲಿನ ಚಹಾ,
ಗಾಜಿನ ಒಳಮೈಗೆ ತನ್ನದೇ ಉಸಿರಿನ ಹೆಪ್ಪು.
ಹಳೆಯ ಬಸ್ ಕಾರ್ಡಿನಿಂದ ಕೆರೆದು ಕೆರೆದು
ಅಂಗೈಯಗಲ ದಾರಿ.

ಕಲ್ಲಿದ್ದಲ ಹೊಗೆಯೊಳಗಿಂದ ಹುಡುಗನೊಬ್ಬ ಕೈ ಮಾಡಿದ.
ಬೆನ್ನ ಮೇಲೆ ಕುದುರೆತಲೆಯ ಪಿಟೀಲು. ಕೈಗವಸಿಲ್ಲ.
ಸಂಗೀತ ಶಾಲೆಗೆ, ಇವತ್ತು ಪರೀಕ್ಷೆ, ಅಂದ.
ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ,
ತನ್ನವೇ ಹೌದೋ ಎಂಬಂತೆ ನೋಡಿಕೊಂಡ.

ಮುಂದೆ ಬಾರೋ, ಬಿಸಿ ಮೊದಲು ಬರುವುದು ಇಲ್ಲಿಗೆ.
ಗುಂಡಿ ಒತ್ತಿದಳು. ಎಂಜಿನ್ನು ಗೊಣಗಿ ಎದ್ದಿತು.
ಹದಿಮೂರು, ಹನ್ನೊಂದು, ಒಂಬತ್ತೂವರೆ.

ಅಂಕಿಗೆ ಅಡ್ಡವಾಗಿ ಫ್ಲಾಸ್ಕು ಇಟ್ಟಳು.