ಬಿಲ್ಲೆ ಲೆಕ್ಕ

ಹಟ್ಟಿ ಕ್ಯಾಂಪಿನ ಕ್ಲಬ್ಬಿನಾಗ ಐದನೇ ಸುತ್ತು.
ಎದುರಿಗೆ ಮುದಗಲ್ಲಿನ ತಸ್ಕೀನ್,
ಹತ್ತು ತುಂಬಿಲ್ಲ; ಕುರ್ಚಿ ಮ್ಯಾಲೆ ಎರಡು ರಿಜಿಸ್ಟರ್ ಇಟ್ಟು
ಕುಂದರಿಸಿದ್ರು.

ನಾನು ಲ್ಯಾಂಪ್ ರೂಮಿನ ಹುಲಿಗೆಪ್ಪ.
ಇಪ್ಪತ್ತೇಳು ವರ್ಷ ಕಿಟಕಿ ಹಿಂದ ನಿಂತು
ಗಣಿಗೆ ಇಳಿಯೋರಿಗೆ ದೀಪ ಕೊಟ್ಟು
ಹಿತ್ತಾಳಿ ಬಿಲ್ಲೆ ಇಸಗೊಂಡವ.
ಪಾಳಿ ಮುಗಿದ ಮ್ಯಾಲೆ ಮೊಳಿಯಾಗ ಒಂದು ಬಿಲ್ಲೆ ಉಳೀತಂದ್ರ
ಶಾಫ್ಟಿನ ಬಾಯಾಗ ಯಾರೂ ಮಾತಾಡಂಗಿಲ್ಲ.
ಅಂಥವಗ ಆಟದಾಗ
ಕೊಡೋದು ಬರಂಗಿಲ್ಲ.

ಅಕಿ ರಾಜನ ಪ್ಯಾದೆ ಎರಡು ಮನೆ ನಡೆಸಿದ್ಲು. ನಾನೂ.
ಆಮ್ಯಾಲೆ ಬಾಜೂದ ಪ್ಯಾದೆ ಎತ್ತಿ
ನನ್ನ ಪ್ಯಾದೆಯ ಬಾಯಿಗೇ ಇಟ್ಟು
ಗಡಿಯಾರ ಒತ್ತಿದ್ಲು.
ಕಿಂಗ್ಸ್ ಗ್ಯಾಂಬಿಟ್. ಈಗ ಯಾರೂ ಆಡಂಗಿಲ್ಲಂತ ಕೇಳಿದ್ದೆ.
ಪುಕ್ಕಟೆ ಬಂದದ್ದು. ತಗೊಂಡೆ.

ಅಕಿ ಒಂಟೆ ಹೊರಬಿತ್ತು. ನಾನು ವಜೀರನ್ನ ಅಂಚಿಗೆ ಓಡಿಸಿ
ಶಹ ಕೊಟ್ಟೆ. ಅಡ್ಡ ಯಾರನ್ನೂ ಕಳಿಸಲಿಲ್ಲ;
ರಾಜನ್ನ ಎರಡು ಬೆರಳಾಗ ಹಿಡದು
ಒಂದು ಮನೆ ಆಚೆ ಇಟ್ಲು,
ಬಿಸಿಲು ಬಂತಂತ ಹೊರಸು ಸರಿಸಿದಂಗ.
ಕೋಟೆಯೊಳಗ ಬೆಳೆದಾಕಿ,
ಕೋಟೆ ಕಟ್ಟೋ ಹಕ್ಕು ಹಂಗ ಬಿಟ್ಟಳಲ್ಲ!

ಮುಂದ್ಹೋದ ಪ್ಯಾದೆಗೆ ಕಾವಲಂತ ಇನ್ನೊಂದು ನೂಕಿದೆ.
ಕುದುರೆ ಬಂದು ಕೆಣಕ್ತು; ವಜೀರ ಒಂದು ಮನೆ ಹಿಂದ ಸರದ.
ಅಂಚಿನ ಪ್ಯಾದೆ ಬಂದು ಗದರಿಸ್ತು;
ಕಾವಲಿಗೆ ಕಾವಲು ಇಟ್ಟೆ.

ಎಲ್ಲೋ ಕೆಳಗ ಬ್ಲಾಸ್ಟ್ ಆತು. ಮೇಜು ಸಣ್ಣಗ ನಡುಗ್ತು.
“ಕಾಕಾ, ಒಳಗ ಮಂದಿ ಅದಾರಾ?”
“ಇಲ್ಲ, ಮ್ಯಾಲೆ ಬಂದಿರ್ತಾರ.”
“ಎಲ್ಲರೂ?”
ಆರ್ಬಿಟರ್ ಬೆರಳು ತುಟಿಗೆ ಇಟ್ಟ.

ಆಗ ಓರೆಯಾಗಿ ಬಂದು ಅಕಿ ಒಂಟೆ
ನನ್ನ ರಾಜನ ಮಗ್ಗಲದ ಪ್ಯಾದೆ ಕಡದು ಶಹ ಅಂತು.
ಮತ್ತ ಪುಕ್ಕಟೆ. ರಾಜನ ಕೈಲೇ ತಗೊಂಡೆ.
ಕುದುರೆ ಜಿಗೀತು: ಶಹ.
ಅದು ಬಿಟ್ಟ ಮನೆ ಬಯಲಾಗಿ, ಅದರ ಹಿಂದ,
ಇದ್ದಲ್ಲಿಂದ ಕದಲದ ಅಕಿ ವಜೀರ
ಆ ತುದಿಯ ನನ್ನ ವಜೀರನ್ನ ನೋಡ್ತಾ ಕುಂತಿದ್ದ.
ಯಾವಾಗಿಂದ ನೋಡ್ತಿದ್ದನೋ.
ಎಂಟೇ ನಡೆ. ಕೈ ಚಾಚಿದೆ.

ಕಾಯಿ ಡಬ್ಬಿಗೆ ತುಂಬೋವಾಗ ಎಣಿಸಿದೆ, ಚಟ.
ಮೂವತ್ತೊಂದು.
ಮೇಜಿನ ಕೆಳಗ, ಪಂಖದ ವೈರಿನ ಸಂದಿಯಾಗ ಹುಡುಕಿದ್ವಿ,
ಅಕಿ ರಿಜಿಸ್ಟರೂ ಝಾಡಿಸಿದ್ಲು.
ಬಾಗಿ ಏಳೋವಾಗ ತಿಳೀತು,
ಎಡಗೈ ಬಿಚ್ಚಿದ್ದೇ ಇಲ್ಲ ನಾನು, ಎರಡನೇ ನಡೆಯಿಂದ.
ಬೆವೆತ ಬಿಳಿ ಪ್ಯಾದೆ.
ಅಂಗೈಯಾಗ ಗುಂಡಗ ಕೆಂಪು ಬಿದ್ದಿತ್ತು.

“ಬಂತಲ್ಲ,” ಅಂದ್ಲು,
ಡಬ್ಬಿ ಮುಂದ ಹಿಡದು.