ತೊಂಬತ್ತೊಂಬತ್ತು

ಉತ್ತರ ಬರೆಯದೆ ಬಿಟ್ಟಿದ್ದರೆ ತೊಂಬತ್ತೊಂಬತ್ತು ಒತ್ತು
ಎಂದು ಕಲಿಸಿದವಳು ನೀನೇ, ಡೋರ್ಕಸ್.
ಸೇಂಟ್ ಜಾನ್ಸ್‌ನ ಆ ನೆಲಮಾಳಿಗೆ, ಹೀಟರಿನ ಗೊರಗೊರ,
ಹಸಿರು ಅಕ್ಷರದ ಕಂಪ್ಯೂಟರು, ಒಣಗಲು ಹಾಕಿದ ಕೈಗವಸು.
ನಾನು ಗಂಟೆಗಿಷ್ಟೆಂದು ಕೂಲಿಗೆ ಬಂದ ಬೆರಳಚ್ಚುಗಾರ್ತಿ;
ನೀನು ಹದಿನೇಳು ವರ್ಷ ರಾತ್ರಿಪಾಳಿ ಮುಗಿಸಿ
ನಲವತ್ತು ದಾಟಿದ ಮೇಲೆ ಡಾಕ್ಟರೇಟಿಗೆ ಕೂತ ನರ್ಸು.

"ಗುಣವಾಗದ ಕಾಯಿಲೆಗೆ ಎಂಥ ಸಂಶೋಧನೆ?"
ಎಂದರಂತೆ ಸಮಿತಿಯಲ್ಲಿ.
"ಮಂಗಳವಾರ ಹೇಗೆ ಕಳೆಯುವುದು ಅಂತ" ಎಂದೆಯಂತೆ ನೀನು.
ಹಣ ಕೊಡಲಿಲ್ಲ.
ಮರುವರ್ಷ ಅದೇ ಅರ್ಜಿ, ಹೊಸ ಲಕೋಟೆ. ಕೊಟ್ಟರು, ಅರ್ಧ.

ಆಮೇಲೆ ದೋಣಿಯಲ್ಲಿ, ಹಿಮಬಂಡಿಯಲ್ಲಿ,
ಒಮ್ಮೆ ಮೀನಿನ ಲಾರಿಯ ಮುಂದಿನ ಸೀಟಿನಲ್ಲಿ
ಕೊಲ್ಲಿಯಿಂದ ಕೊಲ್ಲಿಗೆ ತಿರುಗಿದೆ ನೀನು.
ಊದಿದ ಕಾಲು, ಸೋತ ಹೃದಯ,
ಮೂರು ದಿಂಬಿಟ್ಟರೂ ಬಾರದ ನಿದ್ದೆ.
ಪ್ರತಿ ಅಡುಗೆಮನೆಯಲ್ಲಿ ಒಂದು ತೂಕದ ಯಂತ್ರ,
ಜೊತೆಗೊಂದು ಪುಸ್ತಕ: ತೂಕ, ಉಪ್ಪು, ಉಸಿರು.

ಆಂಬ್ರೋಸ್ ಕೀಯೋನ ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.
ತೂಕದ ಸಾಲಿನಲ್ಲಿ, "ಗಾಳಿ ಈಶಾನ್ಯದಿಂದ."
ಉಪ್ಪಿನ ಸಾಲಿನಲ್ಲಿ, "ಹೆಂಡತಿ ಬಚ್ಚಿಟ್ಟಿದ್ದಾಳೆ."
ಉಸಿರಿನ ಸಾಲಿನಲ್ಲಿ, "ಮೆಟ್ಟಿಲಿಳಿದು ಕಟ್ಟೆಯವರೆಗೆ. ದೋಣಿ ಮುಟ್ಟಿದೆ. ವಾಪಸು."
ಒತ್ತಿದೆ ನಾನು: ತೊಂಬತ್ತೊಂಬತ್ತು,
ತೊಂಬತ್ತೊಂಬತ್ತು, ತೊಂಬತ್ತೊಂಬತ್ತು.

ನೀನು ಹಿಂದೆ ನಿಂತಿದ್ದೆ, ಕೈಯಲ್ಲಿ ಆರಿದ ಚಹಾ.
ಅಳಿಸು, ಅಂದೆ.
ಅವನು ಉತ್ತರ ಬರೆದಿದ್ದಾನೆ. ಪ್ರಶ್ನೆ ನಾವಿನ್ನೂ ಬರೆದಿಲ್ಲ.

ಆ ಚಳಿಗಾಲವೆಲ್ಲ ಅಂಚುಗಳನ್ನೇ ಓದಿದೆವು,
ಇನ್ನೂರ ಹನ್ನೊಂದು ಪುಸ್ತಕ, ಕೆಲವಕ್ಕೆ ಮೀನೆಣ್ಣೆಯ ವಾಸನೆ.
ಹುಟ್ಟಿತು ಪ್ರಶ್ನೆ ಹದಿನಾಲ್ಕು:
"ಕಳೆದ ವಾರ ಎಲ್ಲಿಯವರೆಗೆ ಹೋಗಿಬಂದಿರಿ?"
ಜಪಾನಿನಲ್ಲೊಬ್ಬಾಕೆ "ಟೊಮ್ಯಾಟೊ ಗಿಡದವರೆಗೆ" ಎಂದಳೆಂದು
ಕಾಗದ ಬಂದ ದಿನ ನೀನು ಊಟವನ್ನೇ ಮರೆತೆ.

ಆಂಬ್ರೋಸ್ ಮಾರ್ಚ್‌ನಲ್ಲಿ ತೀರಿಕೊಂಡ, ಪ್ರಬಂಧ ಅಚ್ಚಾದದ್ದು ಜೂನ್‌ನಲ್ಲಿ.
ಅವನ ಹೆಂಡತಿಗೆ ನೀನೊಂದು ಪ್ರತಿ ಕಳಿಸಿದೆ;
ಅಲ್ಲಿಂದ ಬಂತು ಒಂದು ಸೀಸೆ ಬೇಕ್‌ಆಪಲ್ ಜಾಮು.
ಚೀಟಿಯಿರಲಿಲ್ಲ.

ಪ್ರೊಫೆಸರಾದೆ, ಡೀನಾದೆ, ಕೊರಳಿಗೆ ಪದಕ ಬಿತ್ತು.
ಭಾಷಣದಲ್ಲಿ ಯಾರೋ ನಿನ್ನನ್ನು ದೀಪವೆಂದಾಗ
ಮೈಕು ಕಸಿದುಕೊಂಡು "ಕೂತು ಲೆಕ್ಕ ಹಾಕಿದವಳು" ಎಂದು ತಿದ್ದಿದೆ.
ಕರುಣೆ ನಿನಗೆ ರೋಗಿಗಳ ಮೇಲಷ್ಟೇ.
ವಿದ್ಯಾರ್ಥಿಗಳು ಅತ್ತಿದ್ದಾರೆ. ನಾನೂ, ಎರಡು ಸಲ.

ನಿನ್ನೆ ಬಂದಾಗ ಕಿಟಕಿಯ ಪಕ್ಕ ನೀನು,
ಬೆನ್ನಿಗೆ ಮೂರು ದಿಂಬು, ಸ್ಟೂಲಿನ ಮೇಲೆ ಕಾಲು.
ಕ್ಲಿನಿಕ್ಕಿನ ಹುಡುಗಿ ಕೊಟ್ಟುಹೋದ ಟ್ಯಾಬ್ಲೆಟ್ಟಿನಲ್ಲಿ
ನಿನ್ನದೇ ಪ್ರಶ್ನಾವಳಿ. ಅವಳಿಗದು ಗೊತ್ತಿಲ್ಲ, ನೀನು ಹೇಳಲಿಲ್ಲ.
"ಮೂರನೆಯದರ ವಾಕ್ಯ ಯಾವ ಕತ್ತೆ ಬರೆದದ್ದು" ಎಂದು ಗೊಣಗಿ,
ನೆನಪಾಗಿ, ನಕ್ಕು, ಕೆಮ್ಮಿ,
ಹದಿನಾಲ್ಕಕ್ಕೆ ಬಂದು ನಿಂತೆ.
ಹೊಸಬರು ಅದಕ್ಕೆ ಮೀಟರಿನ ಲೆಕ್ಕ ಸೇರಿಸಿದ್ದಾರೆ;
ಚೌಕದಲ್ಲಿ ಅಂಕಿಗಷ್ಟೇ ಜಾಗ.

ನೀನೇ ಒತ್ತು, ಬೆರಳು ನಡುಗುತ್ತೆ, ಎಂದು ನನ್ನ ಕೈಗಿಟ್ಟೆ.
ಏನಂತ ಒತ್ತಲಿ?
ನೀನು ಬಂದರಿನ ಕಡೆ ನೋಡುತ್ತಿದ್ದೆ,
ಮಂಜಿನಲ್ಲಿ ಗೂಟಕ್ಕೆ ಕಟ್ಟಿದ ಯಾರದೋ ದೋಣಿ.
"ಗಾಳಿ ಯಾವ ಕಡೆಯದು, ನೋಡಿ ಹೇಳು."

ನಾನು ಚೀಲದಲ್ಲಿ ಪೆನ್ನು ಹುಡುಕಿದೆ.